ನಿಮ್ಮ ತಂಡ ಯಾವ ಹುಡುಗನನ್ನು ಆರಿಸಬೇಕು? ಎನ್‌ಎಚ್‌ಎಲ್ ಡ್ರಾಫ್ಟ್‌ಗೆ ಸ್ವಂತ ಪಟ್ಟಿ ಕಟ್ಟುವ ಕ್ರಮ

ಏಪ್ರಿಲ್‌ನಲ್ಲಿ ತಂಡ ಪ್ಲೇಆಫ್‌ನಿಂದ ಹೊರಬಿದ್ದ ದಿನದಿಂದ ಜೂನ್ ಕೊನೆಯವರೆಗೂ ಎನ್‌ಎಚ್‌ಎಲ್, ಅಂದರೆ ಉತ್ತರ ಅಮೆರಿಕದ ಅಗ್ರ ಐಸ್ ಹಾಕಿ ಲೀಗ್‌ನ ಅಭಿಮಾನಿಗಳಿಗೆ ಒಂದೇ ಜಗಳ: ಈ ಸಲ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರನ್ನು ತಗೋಬೇಕು? ಜಗಳ ಬೇಡ ಎಂದು ಯಾರೂ ಹೇಳುವುದಿಲ್ಲ, ಮಜಾ ಇರುವುದೇ ಅಲ್ಲಿ. ತೊಂದರೆ ಏನೆಂದರೆ ಹೆಚ್ಚಿನ ವಾದಗಳು ತಲೆಕೆಳಗಾಗಿ ಶುರುವಾಗುತ್ತವೆ. 'ನಮಗೆ ಸೆಂಟರ್ (ನಡುವಿನ ಫಾರ್ವರ್ಡ್) ಇಲ್ಲ' ಎಂಬ ಕೊರಗು ಮೊದಲು, ಅದಕ್ಕೆ ತಕ್ಕ ಹುಡುಗನ ಹುಡುಕಾಟ ಆಮೇಲೆ. ಈ ಲೇಖನದ ಕ್ರಮ ಅದಕ್ಕೆ ಉಲ್ಟಾ. ಹುಡುಗನ ವಯಸ್ಸು, ಲೀಗ್, ಅಂಕಿಗಳ ಒಳಗುಟ್ಟು, ಕಣ್ಣಿನ ಪರೀಕ್ಷೆ, ಅಪಾಯ, ಇಷ್ಟೆಲ್ಲ ಆದ ಮೇಲೆ ಕಟ್ಟಕಡೆಗೆ ತಂಡದ ಕೊರತೆ.

ಐಪಿಎಲ್ ಹರಾಜಿನ ಲೆಕ್ಕ ಇಲ್ಲಿಗೆ ತರಬೇಡಿ. ಡ್ರಾಫ್ಟ್‌ನಲ್ಲಿ ದುಡ್ಡಿನ ಕೂಗಾಟವಿಲ್ಲ. 32 ತಂಡ, 7 ಸುತ್ತು, ಸರದಿ ಬಂದಾಗ ಒಂದು ಹೆಸರು. ಆ ಹುಡುಗನ ಜೊತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಮಾತ್ರ ತಂಡಕ್ಕೆ ಸಿಗುತ್ತದೆ. ಮೊದಲ ಒಪ್ಪಂದದ ಸಂಬಳಕ್ಕೆ ಮಿತಿ ಇದೆ. 18ರಿಂದ 21ರ ವಯಸ್ಸಿನಲ್ಲಿ ಸಹಿ ಹಾಕಿದವನಿಗೆ ಅದು ಮೂರು ವರ್ಷದ್ದು. ಹಾಗಾಗಿ ಕೊಳ್ಳುತ್ತಿರುವುದು ಇವತ್ತಿನ ಆಟವನ್ನಲ್ಲ. ಈ ಹದಿನೆಂಟರ ಹುಡುಗ ಇಪ್ಪತ್ತಮೂರಕ್ಕೆ ಏನಾಗಿರುತ್ತಾನೆ ಎಂಬುದೇ ಪ್ರಶ್ನೆ.

ಮೊದಲು ಸರದಿ ಗೊತ್ತಿರಲಿ

ಪ್ಲೇಆಫ್ ತಲುಪದ 16 ತಂಡಗಳ ನಡುವೆ ಲಾಟರಿ ನಡೆಯುತ್ತದೆ. 1ರಿಂದ 14ರವರೆಗಿನ ಚೆಂಡುಗಳಲ್ಲಿ ನಾಲ್ಕನ್ನು ಎತ್ತುತ್ತಾರೆ. ಕೊನೆಯ ಸ್ಥಾನದ ತಂಡಕ್ಕೆ ಮೊದಲ ಎತ್ತುವಳಿ ಗೆಲ್ಲುವ ಸಾಧ್ಯತೆ 18.5%. ಆದರೆ ಯಾವ ತಂಡವೂ 10 ಸ್ಥಾನಕ್ಕಿಂತ ಹೆಚ್ಚು ಮೇಲೆ ಜಿಗಿಯುವಂತಿಲ್ಲ. ಹಾಗಾಗಿ ಒಂದಕ್ಕೆ ತಲುಪಲಾಗದ ತಂಡ ಎತ್ತುವಳಿ ಗೆದ್ದರೆ ಮೊದಲ ಸರದಿ ಕೊನೆಯ ತಂಡಕ್ಕೇ ಉಳಿದು, ಅದಕ್ಕೆ ಒಂದನೇ ಸರದಿ ಸಿಗುವ ಒಟ್ಟು ಸಾಧ್ಯತೆ 25.5% ಆಗುತ್ತದೆ. ಲಾಟರಿಯಲ್ಲಿ ಎರಡೇ ಎತ್ತುವಳಿ ಇರುವುದರಿಂದ ಕೊನೆಯ ತಂಡ ಮೂರನೇ ಸರದಿಗಿಂತ ಕೆಳಗೆ ಇಳಿಯುವುದಿಲ್ಲ. 2025ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ 10ನೇ ಜಾಗದಿಂದ ಒಂದಕ್ಕೆ ಹಾರಿತು. ಕೊನೆಯ ಸ್ಥಾನದಲ್ಲಿದ್ದ ಸ್ಯಾನ್ ಹೋಸೆ ಶಾರ್ಕ್ಸ್ ಎರಡಕ್ಕೆ ಇಳಿಯಿತು.

ಲಾಟರಿ ಮುಗಿಯುವವರೆಗೆ ಒಬ್ಬನೇ ಹುಡುಗನಿಗೆ ಅಂಟಿಕೊಳ್ಳಬೇಡಿ. ಸರದಿ ಗೊತ್ತಾದ ಮೇಲೆ ಅಷ್ಟೇ ಸಂಖ್ಯೆಯ ಹೆಸರುಗಳ ಪಟ್ಟಿ ಬೇಕು. ಎಂಟನೇ ಸರದಿಗೆ ಎಂಟು ಹೆಸರು. ನಿಮಗಿಂತ ಮುಂಚಿನ ಏಳು ತಂಡಗಳು ಏಳನ್ನು ಎತ್ತಿದರೂ ಒಂದು ಉಳಿದೇ ಉಳಿಯುತ್ತದೆ. ನಾಲ್ಕೇ ಹೆಸರು ಬರೆದುಕೊಂಡು ಕೂತವನಿಗೆ ಆ ರಾತ್ರಿ ಬೈಯುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ.

ಹುಟ್ಟಿದ ದಿನಾಂಕ

ಎಲ್ಲಕ್ಕಿಂತ ಸುಲಭವಾದ, ಎಲ್ಲರೂ ಮರೆಯುವ ಹೆಜ್ಜೆ ಇದು. ಡ್ರಾಫ್ಟ್ ವರ್ಷದ ಸೆಪ್ಟೆಂಬರ್ 15ಕ್ಕೆ 18 ತುಂಬಿರಬೇಕು ಎಂಬುದು ನಿಯಮ. 2026ರ ಡ್ರಾಫ್ಟ್‌ಗೆ ಮೊದಲ ಸಲ ಅರ್ಹರಾಗುವವರು 2007ರ ಸೆಪ್ಟೆಂಬರ್ 16ರಿಂದ 2008ರ ಸೆಪ್ಟೆಂಬರ್ 15ರ ನಡುವೆ ಹುಟ್ಟಿದವರು. ಒಂದೇ ಗುಂಪಿನೊಳಗೆ ಹತ್ತಿರ ಹತ್ತಿರ ಒಂದು ವರ್ಷದ ಅಂತರ ಇರಬಹುದು. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಅದು ಸಣ್ಣದಲ್ಲ. ಮೈಕಟ್ಟು ಬೇರೆ, ಕಾಲಿನ ಬಲ ಬೇರೆ.

ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡು ದಿನದಲ್ಲಿ 2015ರ ಡ್ರಾಫ್ಟ್ ತಪ್ಪಿತು. ಆ ಹೆಚ್ಚುವರಿ ವರ್ಷವನ್ನು ಸ್ವಿಟ್ಜರ್‌ಲೆಂಡ್‌ನ ಝೂರಿಕ್ ತಂಡದಲ್ಲಿ ದೊಡ್ಡವರ ಜೊತೆ ಆಡಿ, 2016ರಲ್ಲಿ ಮೊದಲಿಗನಾಗಿ ಟೊರಾಂಟೊ ಸೇರಿದ. ಅಲೆಕ್ಸಾಂಡರ್ ಒವೆಚ್ಕಿನ್ ಕೂಡ 1985ರ ಸೆಪ್ಟೆಂಬರ್ 17ರವನೇ. ಅಧಿಕ ವರ್ಷದ ದಿನಗಳನ್ನು ಕೂಡಿಸಿದರೆ ಅವನಿಗೆ 18 ಆಗಿದೆ ಎಂದು ವಾದಿಸಿ ಫ್ಲಾರಿಡಾ ಪ್ಯಾಂಥರ್ಸ್ 2003ರಲ್ಲೇ ಅವನನ್ನು ಎತ್ತಲು ನೋಡಿತ್ತು. ಲೀಗ್ ಒಪ್ಪಲಿಲ್ಲ. ಅಭಿಮಾನಿಗಳ ವಾದವೇ ಅತಿ ಎನ್ನುವವರು ಇದನ್ನು ನೆನಪಿಡಬಹುದು.

ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಹುಡುಗರನ್ನು ಸೇರಿಸಿಕೊಳ್ಳುವುದು ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ. ಹಾಗಾಗಿ 2007ರ ಅಕ್ಟೋಬರ್‌ನಲ್ಲಿ ಹುಟ್ಟಿದವನಿಗೆ 2025–26 ಸಾಮಾನ್ಯವಾಗಿ ಮೂರನೇ ಋತು, 2008ರ ಆಗಸ್ಟ್‌ನಲ್ಲಿ ಹುಟ್ಟಿದವನಿಗೆ ಎರಡನೆಯದು. ಇಬ್ಬರೂ ಒಂದೇ ಡ್ರಾಫ್ಟ್‌ಗೆ ನಿಲ್ಲುತ್ತಾರೆ. ದೊಡ್ಡವನ ಈ ವರ್ಷದ ಅಂಕಿಯನ್ನು ಚಿಕ್ಕವನ ಈ ವರ್ಷದ ಅಂಕಿಯ ಪಕ್ಕ ಇಟ್ಟರೆ ಚಿಕ್ಕವನಿಗೆ ಅನ್ಯಾಯ. ದೊಡ್ಡವನ ಕಳೆದ ವರ್ಷದ ಅಂಕಿಯನ್ನೂ ಒಂದು ಕಾಲಮ್‌ನಲ್ಲಿ ಬರೆಯಿರಿ, ಹೋಲಿಕೆ ಈ ಎರಡರ ನಡುವೆ ಎಲ್ಲೋ ಇರುತ್ತದೆ. 2025ರಲ್ಲಿ ಮೊದಲಿಗನಾದ ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. ಗಡುವಿಗೆ ಹತ್ತೇ ದಿನ ಬಾಕಿ, ಅಂದರೆ ಆ ಗುಂಪಿನ ಅತಿ ಕಿರಿಯರಲ್ಲಿ ಒಬ್ಬ. ಇನ್ನೂ ಬೆಳೆಯುವುದು ಬಾಕಿ ಇದೆ ಎಂಬ ಮಾತಿಗೆ ಅವನ ವಿಷಯದಲ್ಲಿ ಅರ್ಥವಿತ್ತು.

ಯಾವ ಲೀಗ್, ಯಾವ ಪಾತ್ರ

ಒಂದು ಪಾಯಿಂಟ್ (ಒಂದು ಗೋಲು, ಇಲ್ಲವೇ ಗೋಲಿಗೆ ನೆರವಾದ ಪಾಸ್, ಅಂದರೆ ಅಸಿಸ್ಟ್) ಎಲ್ಲ ಕಡೆ ಒಂದೇ ಅಲ್ಲ. ರಷ್ಯಾದ ಕೆಎಚ್‌ಎಲ್, ಸ್ವೀಡನ್‌ನ ಎಸ್‌ಎಚ್‌ಎಲ್, ಫಿನ್‌ಲೆಂಡ್‌ನ ಲೀಗಾ, ಇವು ದೊಡ್ಡವರ ವೃತ್ತಿಪರ ಲೀಗ್‌ಗಳು. ಅವುಗಳ ಕೆಳಗೆ ಅಮೆರಿಕದ ಕಾಲೇಜು ಹಾಕಿ. ಅದರ ಕೆಳಗೆ ಒಎಚ್‌ಎಲ್, ಡಬ್ಲ್ಯೂಎಚ್‌ಎಲ್, ಕ್ಯೂಎಂಜೆಎಚ್‌ಎಲ್ ಎಂಬ ಕೆನಡಾದ ಮೂರು ಜೂನಿಯರ್ ಲೀಗ್‌ಗಳು. ಆಮೇಲೆ ಅಮೆರಿಕದ ಯುಎಸ್‌ಎಚ್‌ಎಲ್, ಸ್ವೀಡನ್ನಿನ 20ರೊಳಗಿನವರ ಲೀಗ್, ರಷ್ಯಾದ ಎಂಎಚ್‌ಎಲ್. ಇನ್ನೂ ಕೆಳಗೆ ಆಲ್ಬರ್ಟಾದ ಎಜೆಎಚ್‌ಎಲ್‌ನಂಥವು.

ಪಂದ್ಯಕ್ಕೆ ಇಷ್ಟು ಪಾಯಿಂಟ್ ಎಂಬ ಸಂಖ್ಯೆಯನ್ನು ಲೀಗ್‌ನ ಗುಣಕದಿಂದ ಗುಣಿಸಿ, ಎನ್‌ಎಚ್‌ಎಲ್‌ನ 82 ಪಂದ್ಯಕ್ಕೆ ಹಿಗ್ಗಿಸುವ ಪದ್ಧತಿ ಬಹಳ ಕಾಲದಿಂದ ಇದೆ. ಹಳೆಯ ಲೆಕ್ಕದಲ್ಲಿ ಒಎಚ್‌ಎಲ್‌ಗೆ 0.3ರ ಆಸುಪಾಸು, ಎನ್‌ಎಚ್‌ಎಲ್‌ನ ಕೆಳಗಿನ ವೃತ್ತಿಪರ ಲೀಗ್ ಆದ ಎಎಚ್‌ಎಲ್‌ಗೆ 0.45ರ ಆಸುಪಾಸು. ಪಟ್ಟಿಯಿಂದ ಪಟ್ಟಿಗೆ ಗುಣಕ ಬೇರೆ. ಯಾವುದನ್ನು ತೆಗೆದುಕೊಂಡರೂ ಎಲ್ಲ ಹುಡುಗರಿಗೂ ಒಂದೇ ಪಟ್ಟಿ ಬಳಸಿ. ನಿಮ್ಮ ಮೆಚ್ಚಿನವನಿಗೆ ಒಂದು, ಎದುರಾಳಿಗೆ ಇನ್ನೊಂದು ಹಿಡಿಯುವುದು ವಾದದಲ್ಲಿ ಮೋಸ.

ಗುಣಕ ಕೈಕೊಡುವುದು ಯುರೋಪಿನ ಹುಡುಗರ ಬಳಿ. ದೊಡ್ಡವರ ಲೀಗ್‌ನಲ್ಲಿ ಹದಿನೇಳರ ಹುಡುಗ ನಾಲ್ಕನೇ ಲೈನ್‌ನಲ್ಲಿ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಕೊನೆಯ ಗುಂಪು) ಎಂಟು ನಿಮಿಷ ಆಡಬಹುದು, ಪವರ್ ಪ್ಲೇಯಲ್ಲಿ (ಶಿಕ್ಷೆಯಿಂದ ಎದುರಾಳಿಗೆ ಆಟಗಾರ ಕಡಿಮೆ ಇರುವ ಹೊತ್ತು) ಅವನನ್ನು ಕೇಳುವವರೇ ಇರುವುದಿಲ್ಲ. ಯುರೈ ಸ್ಲಾಫ್ಕೊವ್‌ಸ್ಕಿ ಡ್ರಾಫ್ಟ್ ವರ್ಷದಲ್ಲಿ ಲೀಗಾದ 31 ಪಂದ್ಯಗಳಲ್ಲಿ ಗಳಿಸಿದ್ದು 10 ಪಾಯಿಂಟ್. ಅದೇ ಚಳಿಗಾಲ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸ್ಲೊವಾಕಿಯಾಗೆ 7 ಗೋಲು ಹೊಡೆದು ಟೂರ್ನಿಯ ಶ್ರೇಷ್ಠ ಆಟಗಾರನಾದ. ಇತ್ತ ಒಎಚ್‌ಎಲ್‌ನಲ್ಲಿ ಶೇನ್ ರೈಟ್ 63 ಪಂದ್ಯಕ್ಕೆ 94 ಪಾಯಿಂಟ್ ಗಳಿಸಿದ್ದ. ವರ್ಷವಿಡೀ ಮೊದಲ ಹೆಸರಾಗಿ ಓಡಾಡಿದವನು ರೈಟ್. 2022ರ ಡ್ರಾಫ್ಟ್‌ನಲ್ಲಿ ಮಾಂಟ್ರಿಯಲ್ ತನ್ನದೇ ಅಂಗಳದಲ್ಲಿ ಸ್ಲಾಫ್ಕೊವ್‌ಸ್ಕಿಯನ್ನು ಮೊದಲಿಗನಾಗಿ ಕರೆಯಿತು, ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ಯುರೋಪಿನ ಹುಡುಗನ ಸಾಲಿನಲ್ಲಿ ಪಾಯಿಂಟ್ ಪಕ್ಕ ಸರಾಸರಿ ಐಸ್ ಟೈಮ್ ಬರೆಯಲೇಬೇಕು. ಅದಿಲ್ಲದ ಅಂಕಿ ಅರ್ಧ ಸತ್ಯ.

2025–26ರಿಂದ ಇನ್ನೊಂದು ತಿರುವು. ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಆಡಿದವರೂ ಅಮೆರಿಕದ ಕಾಲೇಜು ಹಾಕಿಗೆ ಅರ್ಹರಾಗಿದ್ದಾರೆ. ಮೊದಲು ಆ ಬಾಗಿಲು ಮುಚ್ಚಿತ್ತು. ಡಬ್ಲ್ಯೂಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ತಂಡದಲ್ಲಿ 56 ಪಂದ್ಯಕ್ಕೆ 129 ಪಾಯಿಂಟ್ ಗಳಿಸಿದ್ದ ಗ್ಯಾವಿನ್ ಮೆಕೆನ್ನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದು ಹೀಗೆ. ಕಾಲೇಜಿಗೆ ಹೋದ ಮೇಲೆ ಇಂಥವರ ಅಂಕಿ ಇಳಿದರೆ 'ಹುಡುಗ ಕುಸಿದ' ಎನ್ನಬೇಡಿ. ಎದುರಿಗೆ ಈಗ ಇಪ್ಪತ್ತೆರಡು, ಇಪ್ಪತ್ತಮೂರರ ಗಂಡಸರಿದ್ದಾರೆ, ವಾರಕ್ಕೆ ಎರಡೇ ಪಂದ್ಯ. ಕಾಲೇಜು ಹಾಕಿ ಬಲಗೊಂಡಿರುವುದರಿಂದ ಅದರ ಹಳೆಯ ಗುಣಕವೂ, ದೊಡ್ಡ ಹುಡುಗರನ್ನು ಕಳೆದುಕೊಂಡ ಜೂನಿಯರ್ ಲೀಗ್‌ಗಳ ಹಳೆಯ ಗುಣಕವೂ ಈಗ ಪೂರ್ತಿ ನಂಬುವಂತಿಲ್ಲ.

ಪಾಯಿಂಟ್‌ಗಳನ್ನು ಬಿಡಿಸಿ ನೋಡುವುದು

ಇಬ್ಬರು ಕಲ್ಪಿತ ಹುಡುಗರನ್ನು ತೆಗೆದುಕೊಳ್ಳೋಣ, ಇಬ್ಬರೂ ಒಎಚ್‌ಎಲ್ ಫಾರ್ವರ್ಡ್‌ಗಳು. 'ಅ' ಅಕ್ಟೋಬರ್‌ನವನು: 66 ಪಂದ್ಯ, 35 ಗೋಲು, 55 ಅಸಿಸ್ಟ್, ಒಟ್ಟು 90. 'ಬ' ಮುಂದಿನ ಆಗಸ್ಟ್‌ನವನು: 64 ಪಂದ್ಯ, 28 ಗೋಲು, 40 ಅಸಿಸ್ಟ್, ಒಟ್ಟು 68. ಗುಣಕ 0.3 ಹಾಕಿದರೆ 'ಅ'ಗೆ 82 ಪಂದ್ಯಕ್ಕೆ 33 ಚಿಲ್ಲರೆ, 'ಬ'ಗೆ 26. ಇಲ್ಲಿಗೇ ನಿಲ್ಲಿಸಿದರೆ 'ಅ' ಗೆದ್ದ.

ಈಗ ಬಿಡಿಸಿ. 'ಅ'ನ 40 ಪಾಯಿಂಟ್ ಪವರ್ ಪ್ಲೇಯಲ್ಲಿ ಬಂದವು, ಉಳಿದದ್ದು 50. 'ಬ'ನದು ಪವರ್ ಪ್ಲೇಯಲ್ಲಿ 16, ಉಳಿದದ್ದು 52. ಈ ಉಳಿದದ್ದರಲ್ಲಿ ಎರಡನೇ ಅಸಿಸ್ಟ್, ಅಂದರೆ ಗೋಲಿಗೆ ಮುಂಚಿನ ಪಾಸ್‌ಗೂ ಮುಂಚಿನ ಪಾಸ್, 'ಅ'ಗೆ 16, 'ಬ'ಗೆ 10. ಅವನ್ನು ಕಳೆಯಿರಿ. ಐದು ಜನಕ್ಕೆ ಐದು ಜನ ಇದ್ದಾಗ ನೇರವಾಗಿ ಗೋಲಿಗೆ ಕಾರಣವಾದದ್ದು 'ಅ' 34, 'ಬ' 42. ಪಂದ್ಯಕ್ಕೆ ಹಂಚಿದರೆ 0.52 ಮತ್ತು 0.66. ಪವರ್ ಪ್ಲೇಯ ಗೋಲು ಗೋಲಲ್ಲವೇ ಎಂದು ಕೇಳಬಹುದು. ಗೋಲೇ ಹೌದು. ಆದರೆ ಎನ್‌ಎಚ್‌ಎಲ್‌ಗೆ ಹೋದ ಹೊಸಬನಿಗೆ ಮೊದಲ ಪವರ್ ಪ್ಲೇ ಘಟಕದಲ್ಲಿ ಜಾಗ ಸುಲಭಕ್ಕೆ ಸಿಗುವುದಿಲ್ಲ, ಐದಕ್ಕೆ ಐದರಲ್ಲಿ ಆಡಿಯೇ ಅವನು ತಂಡದಲ್ಲಿ ಉಳಿಯಬೇಕು.

ಇನ್ನು ಶಾಟ್‌ಗಳು. 'ಅ' 160 ಶಾಟ್‌ಗೆ 35 ಗೋಲು, ಸುಮಾರು 22%. 'ಬ' 250 ಶಾಟ್‌ಗೆ 28, ಸುಮಾರು 11%. ಎನ್‌ಎಚ್‌ಎಲ್‌ನಲ್ಲಿ ಒಟ್ಟಾರೆ ಸರಾಸರಿಯೇ 10%ರ ಸುತ್ತಮುತ್ತ. 20% ದಾಟಿದ ಸಂಖ್ಯೆ ಮುಂದಿನ ವರ್ಷ ಇಳಿಯುವ ಸಂಭವವೇ ಹೆಚ್ಚು. 'ಅ' 12%ಕ್ಕೆ ಇಳಿದರೆ ಅದೇ 160 ಶಾಟ್‌ಗೆ 19 ಗೋಲು. ಒಮ್ಮೆಗೇ 16 ಗೋಲು ಮಾಯ. 'ಬ'ನ ಬಳಿ ಶಾಟ್‌ಗಳ ರಾಶಿ ಇದೆ, ಅದು ವರ್ಷದಿಂದ ವರ್ಷಕ್ಕೆ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಗೋಲಿನ ಬಾಯಿಯಲ್ಲೇ ನಿಂತು ಹೊಡೆಯುವವನಿಗೆ, ಇಲ್ಲವೇ ನಿಜಕ್ಕೂ ಅಪರೂಪದ ಶಾಟ್ ಇರುವವನಿಗೆ ಶೇಕಡಾವಾರು ಹೆಚ್ಚೇ ಇರಬಹುದು. ಅದನ್ನು ಹೇಳುವುದು ಅಂಕಿಯಲ್ಲ, ಕಣ್ಣು.

ಜೊತೆಗಾರರನ್ನೂ ಗಮನಿಸಿ. ಲೈನ್‌ನಲ್ಲಿ 19ರ, 20ರ ಅನುಭವಿ ಒಬ್ಬನಿದ್ದು ಅವನು ಗಾಯಗೊಂಡ ಎರಡು ವಾರದಲ್ಲಿ ನಮ್ಮ ಹುಡುಗನ ಪಾಯಿಂಟ್ ನಿಂತೇ ಹೋದರೆ, ಉತ್ತರ ಅಲ್ಲೇ ಸಿಕ್ಕಿತು.

ಕಣ್ಣಿನ ಕೆಲಸ

ಹೈಲೈಟ್ ನೋಡಿ ತೀರ್ಮಾನಿಸುವುದಕ್ಕಿಂತ ನೋಡದಿರುವುದೇ ವಾಸಿ. ಒಬ್ಬ ಹುಡುಗನನ್ನು ಕನಿಷ್ಠ ಮೂರು ಪೂರ್ಣ ಪಂದ್ಯ ನೋಡಬೇಕು: ಒಂದು ಬಲಿಷ್ಠ ತಂಡದ ಎದುರು, ಒಂದು ಹೊರ ಊರಿನಲ್ಲಿ, ಒಂದು ದಣಿದಿರುವಾಗ. ಜೂನಿಯರ್ ಲೀಗ್‌ಗಳಲ್ಲಿ ಮೂರು ದಿನಕ್ಕೆ ಮೂರು ಪಂದ್ಯ ಬರುವ ವಾರಾಂತ್ಯಗಳಿವೆ, ಆ ಭಾನುವಾರದ ಆಟ ಚಿನ್ನ. ಟೊರಾಂಟೊ ಸುತ್ತ ನೆಲೆಸಿದ ಕನ್ನಡಿಗರಿಗೆ ಇದು ಕೈಗೆಟಕುವ ಸುಖ. ಬ್ರಾಂಪ್ಟನ್ ಸ್ಟೀಲ್‌ಹೆಡ್ಸ್, ಓಶಾವಾ ಜನರಲ್ಸ್ ಎರಡೂ ಪಕ್ಕದಲ್ಲೇ. 2025ರಲ್ಲಿ ಆರನೆಯವನಾಗಿ ಫಿಲಡೆಲ್ಫಿಯಾ ಸೇರಿದ ಪೋರ್ಟರ್ ಮಾರ್ಟೋನ್ ಆಡುತ್ತಿದ್ದದ್ದು ಬ್ರಾಂಪ್ಟನ್‌ನಲ್ಲೇ. ಬೆಂಗಳೂರಿನಲ್ಲಿ ಕೂತು ಸ್ಟ್ರೀಮಿಂಗ್ ನೋಡುವವರಿಗೆ ಚಳಿಗಾಲದಲ್ಲಿ ಟೊರಾಂಟೊದ ಸಂಜೆ 7 ಎಂದರೆ ಬೆಳಗಿನ 5.30, ಸ್ವೀಡನ್ನಿನ ಸಂಜೆ 7 ಎಂದರೆ ರಾತ್ರಿ 11.30.

ಅಂಗಳಕ್ಕೆ ಹೋದರೆ ಮೂಲೆಯ ಕಡೆ, ಎತ್ತರದ ಸೀಟು ಹಿಡಿಯಿರಿ. ಗಾಜಿಗೆ ಅಂಟಿ ಕೂತರೆ ಸದ್ದು ಚೆನ್ನ, ಆಟದ ಆಕಾರ ಕಾಣದು. ಟಿವಿಯ ಕೊರತೆ ಎಂದರೆ ಕ್ಯಾಮೆರಾ ಪಕ್‌ನ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಹಿಂದೆಯೇ ಓಡುತ್ತದೆ, ಪಕ್ ಇಲ್ಲದಾಗ ಹುಡುಗ ಏನು ಮಾಡುತ್ತಾನೆಂಬುದು ಚೌಕಟ್ಟಿನ ಹೊರಗೇ ಉಳಿಯುತ್ತದೆ. ಅಭ್ಯಾಸದ ವೇಳೆಗೇ ಹೋಗಿ ಸೇರಿದರೆ ಸ್ಕೇಟಿಂಗ್ ಬಿಡಿಬಿಡಿಯಾಗಿ ಕಾಣುತ್ತದೆ.

ಡಿಫೆನ್ಸ್‌ಮನ್‌ನನ್ನು ಅಳೆಯಲು ಒಂದೇ ಸನ್ನಿವೇಶ ಸಾಕು. ಎದುರಾಳಿ ಪಕ್ಕನ್ನು ಮೂಲೆಗೆ ಎಸೆದು ಬೆನ್ನಟ್ಟಿ ಬರುತ್ತಾನೆ. ನಮ್ಮ ಹುಡುಗ ತಿರುಗಿ ಪಕ್ ಕಡೆ ಓಡುತ್ತಾನೆ. ಮುಟ್ಟುವ ಮುಂಚೆ ಭುಜದ ಮೇಲಿಂದ ಹಿಂದಕ್ಕೆ ನೋಡಿದನೇ? ಎಷ್ಟು ಸಲ? ಎರಡು ಸಲ ನೋಡಿದವನಿಗೆ ಒತ್ತಡ ಎಡದಿಂದ ಬರುತ್ತಿದೆಯೋ ಬಲದಿಂದಲೋ ಗೊತ್ತಿರುತ್ತದೆ. ಸೊಂಟದ ಒಂದು ಹುಸಿ ತಿರುವು ಕೊಟ್ಟು ಬೆನ್ನಟ್ಟುವವನನ್ನು ಒಂದು ಕಡೆ ಕಳಿಸಿ, ಇನ್ನೊಂದು ಕಡೆಯಿಂದ ಹೊರಬಂದು, ನಡುವಿನಲ್ಲಿರುವ ಸೆಂಟರ್‌ನ ಸ್ಟಿಕ್‌ಗೆ ಚಪ್ಪಟೆ ಪಾಸ್ ಕೊಡುತ್ತಾನೆ. ನೋಡದೆ ಹೋದವನು ಪಕ್ ಮುಟ್ಟುವಾಗಲೇ ಅಂಗಳದ ಅಂಚಿನ ಬೋರ್ಡ್‌ಗೆ ಗುದ್ದಿಸಿಕೊಳ್ಳುತ್ತಾನೆ, ಇಲ್ಲವೇ ಗಾಬರಿಯಲ್ಲಿ ಗಾಜಿನ ಮೇಲೆ ಎತ್ತಿ ಬಿಸಾಡುತ್ತಾನೆ. ಪಂದ್ಯವೊಂದರಲ್ಲಿ ಇಂಥ ಹತ್ತು ಸಂದರ್ಭ ಸಿಗುತ್ತವೆ. ಕಾಗದದಲ್ಲಿ ಮೂರು ಗೆರೆ ಹಾಕಿ: ಪಕ್ ಹಿಡಿತದಲ್ಲಿಟ್ಟುಕೊಂಡು ಹೊರಬಂದದ್ದು, ಸುಮ್ಮನೆ ಎಸೆದದ್ದು, ಕಳೆದುಕೊಂಡದ್ದು. ಮೂರು ಪಂದ್ಯದ ಗೆರೆ ಕೂಡಿಸಿದರೆ ಯಾವ ಪಟ್ಟಿಯೂ ಹೇಳದ ಸಂಗತಿ ನಿಮ್ಮ ಕೈಯಲ್ಲಿರುತ್ತದೆ.

ಫಾರ್ವರ್ಡ್ ಆದರೆ ಬೇರೆ ಪ್ರಶ್ನೆಗಳು. ನಿಂತಲ್ಲಿಂದ ಮೊದಲ ಮೂರು ಹೆಜ್ಜೆಯಲ್ಲಿ ವೇಗ ಬರುತ್ತದೋ, ಉದ್ದಕ್ಕೆ ಓಡಿದ ಮೇಲೆ ಬರುತ್ತದೋ? ಮೊದಲನೆಯದು ಎನ್‌ಎಚ್‌ಎಲ್‌ನಲ್ಲಿ ಹೆಚ್ಚು ಬೆಲೆಯುಳ್ಳದ್ದು. ಎದುರಾಳಿ ವಲಯದ ಗಡಿಯಾದ ಬ್ಲೂ ಲೈನ್ ದಾಟಿದ ಮೇಲೆ ಬೋರ್ಡ್ ಪಕ್ಕದಲ್ಲೇ ಸುತ್ತುತ್ತಾನೋ, ಗೋಲಿನ ಎದುರಿನ ನಡುಭಾಗಕ್ಕೆ ನುಗ್ಗುತ್ತಾನೋ? ಜೂನಿಯರ್‌ನಲ್ಲಿ ಹೊರಗಿನಿಂದ ಬಂದ ಶಾಟ್‌ಗಳೂ ಗೋಲಾಗುತ್ತವೆ, ಮೇಲಿನ ಮಟ್ಟದ ಗೋಲ್‌ಕೀಪರ್‌ಗಳು ಅವನ್ನು ಬಿಡುವುದಿಲ್ಲ. ಮೂರು ಜನರನ್ನು ಒಬ್ಬನೇ ದಾಟಿ ಹೋಗುವ ಚಮತ್ಕಾರ ನೋಡಿ ಮರುಳಾಗಬೇಡಿ. ಆ ಮೂರು ಜನ ಯಾರು, ಅವರಲ್ಲಿ ಎಷ್ಟು ಮಂದಿ ಮುಂದೆ ವೃತ್ತಿಪರರಾಗುವವರು ಎಂದು ಕೇಳಿ. ಪಕ್ ಕಳೆದುಕೊಂಡ ಮರುಕ್ಷಣದ ಆಟವನ್ನೂ ಬರೆದುಕೊಳ್ಳಿ: ತಿರುಗಿ ಮೂರು ಬಿರುಸಿನ ಹೆಜ್ಜೆ, ಅಥವಾ ಆಕಾಶ ನೋಡುತ್ತಾ ಒಂದು ದೊಡ್ಡ ವೃತ್ತ.

ಟೂರ್ನಿಗಳ ಬಗ್ಗೆ ಒಂದು ಎಚ್ಚರಿಕೆ. ಡಿಸೆಂಬರ್ 26ರಂದು ಶುರುವಾಗುವ 20ರೊಳಗಿನವರ ವಿಶ್ವ ಚಾಂಪಿಯನ್‌ಷಿಪ್, ವಸಂತದಲ್ಲಿ ಬರುವ 18ರೊಳಗಿನವರದು, ಎರಡರಲ್ಲೂ ಒಬ್ಬ ಆಡುವುದು ಹೆಚ್ಚೆಂದರೆ ಏಳು ಪಂದ್ಯ. ನೋಡುವುದಕ್ಕೆ ಹಬ್ಬ, ಎಲ್ಲ ದೇಶದ ಹುಡುಗರೂ ಒಂದೇ ಐಸ್ ಮೇಲೆ. ಆದರೆ ಏಳು ಪಂದ್ಯದ ಬಿಸಿಯಲ್ಲಿ ಅರವತ್ತು ಪಂದ್ಯದ ಲೆಕ್ಕ ಅಳಿಸಿ ಹಾಕುವವರೇ ಹೆಚ್ಚು.

ಎತ್ತರ, ತೂಕ, ಕಂಬೈನ್

ಇದಕ್ಕೆ ಹೆಚ್ಚು ಹೊತ್ತು ಬೇಡ. ಜೂನ್ ಆರಂಭದಲ್ಲಿ ಬಫಲೋದಲ್ಲಿ ಕಂಬೈನ್ ಎಂಬ ದೈಹಿಕ ಪರೀಕ್ಷೆ ನಡೆಯುತ್ತದೆ: ಸೈಕಲ್ ಮೇಲೆ ವಿಂಗೇಟ್ ಎಂಬ ಬಿರುಸಿನ ಪರೀಕ್ಷೆ, ಆಮ್ಲಜನಕದ ಸಾಮರ್ಥ್ಯ, ಜಿಗಿತ, ಪುಲ್ ಅಪ್. 2014ರಲ್ಲಿ ಸ್ಯಾಮ್ ಬೆನೆಟ್‌ಗೆ ಒಂದೇ ಒಂದು ಪುಲ್ ಅಪ್ ಮಾಡಲಾಗಲಿಲ್ಲ, ಊರೆಲ್ಲ ಅದೇ ಮಾತು. ಕ್ಯಾಲ್ಗರಿ ಆದರೂ ನಾಲ್ಕನೆಯವನಾಗಿ ಎತ್ತಿಕೊಂಡಿತು. ಮೈಕಾಳಗಕ್ಕೇ ಹೆಸರಾದ ಅದೇ ಬೆನೆಟ್ 2025ರಲ್ಲಿ ಫ್ಲಾರಿಡಾ ಪರ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈಥ್ ಗೆದ್ದ. ಗಿಡ್ಡ ಎಂಬ ಕಾರಣಕ್ಕೆ ಕೆಳಗಿಳಿದವರ ಪೈಕಿ ಬ್ರೇಡನ್ ಪಾಯಿಂಟ್ ಎಂಬ ಆಟಗಾರ 2014ರಲ್ಲಿ 79ನೆಯವನು. ಎತ್ತರ ಕಡಿಮೆ ಇದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳುವಷ್ಟು ಸ್ಕೇಟಿಂಗ್ ಇದೆಯೇ? ಗಿಡ್ಡನೂ ಆಗಿ ನಿಧಾನವೂ ಆದರೆ ಮೊದಲ ಸುತ್ತಿಗೆ ಬೇಡ.

ಗೋಲ್‌ಕೀಪರ್‌ಗಳನ್ನು ಬೇರೆ ಹಾಳೆಯಲ್ಲಿ

ಮುನ್ನೋಟ ಅತಿ ಕಷ್ಟವಾಗುವುದು ಇವರಲ್ಲಿ, ಬಲಿಯುವುದಕ್ಕೆ ಐದಾರು ವರ್ಷ ಹಿಡಿಯುತ್ತದೆ. 2000ರಲ್ಲಿ ರಿಕ್ ಡಿಪಿಯೆಟ್ರೊ ಮೊದಲಿಗನಾದ. 2006ರಲ್ಲಿ 15 ವರ್ಷದ ಒಪ್ಪಂದವನ್ನೂ ಪಡೆದ, ಗಾಯಗಳು ಅದನ್ನು ನುಂಗಿದವು. 2012ರಲ್ಲಿ ಟ್ಯಾಂಪಾ 19ನೇ ಸರದಿಯಲ್ಲಿ ಆಂದ್ರೈ ವಾಸಿಲೆವ್‌ಸ್ಕಿಯನ್ನು ತೆಗೆದುಕೊಂಡು ಎನ್‌ಎಚ್‌ಎಲ್ ಚಾಂಪಿಯನ್‌ಗೆ ಕೊಡುವ ಸ್ಟ್ಯಾನ್ಲಿ ಕಪ್ ಎರಡು ಸಲ ಎತ್ತಿತು. ಅದೇ ಡ್ರಾಫ್ಟ್‌ನಲ್ಲಿ ಕಾನರ್ ಹೆಲಬಕ್ 130ನೆಯವನು, 2025ರಲ್ಲಿ ಲೀಗ್‌ನ ಅತಿ ಮೌಲ್ಯಯುತ ಆಟಗಾರ. ಮೊದಲ ಹತ್ತರೊಳಗೆ ಗೋಲ್‌ಕೀಪರ್ ಬೇಕು ಎನ್ನುವವನ ಮೇಲೆ ಸಾಕ್ಷಿಯ ಹೊರೆ ಇರಲಿ. ಸ್ಕೇಟರ್‌ಗಳ ಜೊತೆ ಒಂದೇ ಸಾಲಿನಲ್ಲಿ ಇವರನ್ನು ಇಟ್ಟು ಹೋಲಿಸಬೇಡಿ. ಎನ್‌ಎಚ್‌ಎಲ್‌ನ ಸೆಂಟ್ರಲ್ ಸ್ಕೌಟಿಂಗ್ ಕೂಡ ಉತ್ತರ ಅಮೆರಿಕ, ಯುರೋಪ್, ಸ್ಕೇಟರ್, ಗೋಲ್‌ಕೀಪರ್ ಎಂದು ನಾಲ್ಕು ಪಟ್ಟಿ ಮಾಡುತ್ತದೆ. ಅದರಲ್ಲಿ '3ನೆಯವನು' ಎಂದರೆ ಇಡೀ ಡ್ರಾಫ್ಟ್‌ಗೆ ಮೂರನೆಯವನಲ್ಲ. ಈ ಗೊಂದಲದಿಂದಲೇ ಎಷ್ಟೋ ವಾದ ಹುಟ್ಟುತ್ತದೆ.

ಗಾಯ, ಒಪ್ಪಂದ, ರಷ್ಯಾ

ಶೇಫರ್ ಡ್ರಾಫ್ಟ್ ವರ್ಷದಲ್ಲಿ ಒಎಚ್‌ಎಲ್‌ನ ಈರಿ ತಂಡದ ಪರ ಆಡಿದ್ದು 17 ಪಂದ್ಯ, 22 ಪಾಯಿಂಟ್. ಮೊದಲು ಮಾನೊ ಜ್ವರ, ಆಮೇಲೆ ವಿಶ್ವ ಜೂನಿಯರ್ ಟೂರ್ನಿಯಲ್ಲಿ ಗೋಲ್ ಕಂಬಕ್ಕೆ ಗುದ್ದಿ ಕೊರಳೆಲುಬು ಮುರಿತ. ಐಲ್ಯಾಂಡರ್ಸ್ ಹೆದರಲಿಲ್ಲ, ಅದೇ ಅಕ್ಟೋಬರ್‌ನಲ್ಲಿ ಅವನು ಎನ್‌ಎಚ್‌ಎಲ್ ಆಡುತ್ತಿದ್ದ. 2017ರ ನೋಲನ್ ಪ್ಯಾಟ್ರಿಕ್ ಕೂಡ ಗಾಯದಿಂದ 33 ಪಂದ್ಯವಷ್ಟೇ ಆಡಿ ಎರಡನೆಯವನಾಗಿ ಹೋದವನು, ಅವನ ಆಟ ಬೇಗ ಮುಗಿಯಿತು. ವ್ಯತ್ಯಾಸ ಹುಡುಕುವಾಗ ಗಾಯದ ಬಗೆ ನೋಡಿ. ಮುರಿದ ಎಲುಬು ಕೂಡುತ್ತದೆ. ಸೊಂಟ, ತೊಡೆಸಂದು, ಬೆನ್ನು, ತಲೆ ಇವುಗಳಲ್ಲಿ ಮತ್ತೆ ಮತ್ತೆ ಬರುವ ನೋವು ಬೇರೆ ಕಥೆ. ವೈದ್ಯಕೀಯ ಕಡತ ತಂಡಗಳ ಕೈಯಲ್ಲಿದೆ, ಅಭಿಮಾನಿಗಳ ಕೈಯಲ್ಲಿಲ್ಲ. ಗಾಯಾಳು ಹುಡುಗ ನಿರೀಕ್ಷೆಗಿಂತ ಹತ್ತು ಸ್ಥಾನ ಕೆಳಗೆ ಜಾರಿದರೆ ಕಾರಣ ಅಲ್ಲಿರಬಹುದು.

ರಷ್ಯಾದವರಲ್ಲಿ ಕೆಎಚ್‌ಎಲ್ ಒಪ್ಪಂದದ ಕೊನೆಯ ವರ್ಷ ಬರೆದುಕೊಳ್ಳಿ. ಮಾಟ್ವೇ ಮಿಚ್ಕೋವ್‌ನ ಒಪ್ಪಂದ 2026ರವರೆಗೆ ಇದ್ದುದರಿಂದ 2023ರಲ್ಲಿ ಅವನು ಏಳನೇ ಸರದಿಯವರೆಗೆ ಜಾರಿದ. ಫಿಲಡೆಲ್ಫಿಯಾ ಕಾಯಲು ಸಿದ್ಧವಾಯಿತು, ಹುಡುಗ 2024ರಲ್ಲೇ ಬಂದು ಮೊದಲ ವರ್ಷ 26 ಗೋಲು ಹೊಡೆದ. 2015ರಲ್ಲಿ 135ನೆಯವನಾಗಿ ಸಿಕ್ಕ ಕಿರಿಲ್ ಕಪ್ರಿಝೋವ್‌ಗಾಗಿ ಮಿನೆಸೋಟಾ ಐದು ವರ್ಷ ಕಾಯಿತು. ಈಗಲೇ ಗೆಲ್ಲಬೇಕಾದ ತಂಡಕ್ಕೆ ಈ ಕಾಯುವಿಕೆ ದುಬಾರಿ, ಹೊಸದಾಗಿ ಕಟ್ಟುತ್ತಿರುವ ತಂಡಕ್ಕೆ ಏನೂ ನಷ್ಟವಿಲ್ಲ.

ಮೆಟ್ಟಿಲು ಕಟ್ಟಿ, ಆಮೇಲೆ ಕೊರತೆ ನೋಡಿ

1, 2, 3 ಎಂದು ನೇರ ಅಂಕಿ ಕೊಡುವುದಕ್ಕಿಂತ ಹುಡುಗರನ್ನು ಮೆಟ್ಟಿಲುಗಳಾಗಿ ಗುಂಪು ಮಾಡಿ. ಒಂದೇ ಮೆಟ್ಟಿಲಿನವರ ನಡುವೆ 'ಯಾರಾದರೂ ಸರಿ' ಎನ್ನುವಷ್ಟೇ ವ್ಯತ್ಯಾಸ ಇರಬೇಕು. ಮೊದಲ ಮೆಟ್ಟಿಲಲ್ಲಿ ಒಬ್ಬನೇ ಇರಬಹುದು, ಎರಡನೆಯದರಲ್ಲಿ ಐದು ಜನ, ಮೂರನೆಯದರಲ್ಲಿ ಹನ್ನೆರಡು. ತಂಡದ ಕೊರತೆಗೆ ಮಾತಾಡುವ ಹಕ್ಕು ಒಂದು ಮೆಟ್ಟಿಲಿನ ಒಳಗೆ ಮಾತ್ರ. ಅಲ್ಲಿ ಸೆಂಟರ್‌ಗೆ ಬದಿಯಲ್ಲಿ ಆಡುವ ವಿಂಗರ್‌ಗಿಂತ, ಬಲಗೈ ಶಾಟ್‌ನ ಡಿಫೆನ್ಸ್‌ಮನ್‌ಗೆ ಎಡಗೈಯವನಿಗಿಂತ ಸ್ವಲ್ಪ ಹೆಚ್ಚು ತೂಕ ಕೊಡುವುದು ಸರಿಯೇ, ಇಬ್ಬರೂ ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುವವರಲ್ಲ. ಕೊರತೆಗಾಗಿ ಕೆಳಗಿನ ಮೆಟ್ಟಿಲಿಗೆ ಇಳಿದರೆ ಕೆಡುಕು ಶುರು.

2018ರ ಮಾಂಟ್ರಿಯಲ್ ಉದಾಹರಣೆ ಎಲ್ಲರ ಬಾಯಲ್ಲೂ ಇದೆ. ಮೊದಲ ಲೈನ್‌ಗೆ ಸೆಂಟರ್ ಇಲ್ಲ ಎಂಬ ಹಳೆಯ ಕೊರಗಿದ್ದ ತಂಡ ಮೂರನೇ ಸರದಿಯಲ್ಲಿ ಫಿನ್‌ಲೆಂಡಿನ ಸೆಂಟರ್ ಯೆಸ್ಪೆರಿ ಕೊಟ್ಕನಿಯೆಮಿಯನ್ನು ಎತ್ತಿತು. ಮರುಸರದಿಗೆ ವಿಂಗರ್ ಬ್ರಾಡಿ ಟ್ಕಾಚಕ್ ಒಟ್ಟಾವಾಗೆ ಹೋಗಿ ಅಲ್ಲಿ ನಾಯಕನಾದ. ಏಳನೆಯವನಾಗಿ ವ್ಯಾಂಕೂವರ್‌ಗೆ ಹೋದ ಕ್ವಿನ್ ಹ್ಯೂಸ್ 2024ರಲ್ಲಿ ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಗೆದ್ದ. ಕೊಟ್ಕನಿಯೆಮಿ 2021ರಲ್ಲೇ ಕ್ಯಾರೊಲೈನಾ ಪಾಲಾದ. ಹದಿನೆಂಟರವನು ತಂಡಕ್ಕೆ ನಿಜವಾಗಿ ಕೆಲಸಕ್ಕೆ ಬರುವ ಹೊತ್ತಿಗೆ ಇವತ್ತಿನ ಕೊರತೆಯೇ ಬದಲಾಗಿರುತ್ತದೆ ಎಂಬುದನ್ನು ಡ್ರಾಫ್ಟ್ ಟೇಬಲ್‌ನಲ್ಲಿ ಕೂತವರೂ ಮರೆಯುತ್ತಾರೆ.

ಸರದಿ ಮಾರಿ ಕೆಳಗಿಳಿಯಬೇಕೆ ಎಂಬ ಪ್ರಶ್ನೆಗೂ ಮೆಟ್ಟಿಲೇ ಉತ್ತರ ಕೊಡುತ್ತದೆ. 8ರಿಂದ 11ಕ್ಕೆ ಇಳಿಯುವ ಮಾತು ಬಂದರೆ, ನಿಮ್ಮ ಮೆಟ್ಟಿಲಿನಲ್ಲಿ ಇನ್ನೂ ನಾಲ್ಕು ಹೆಸರು ಉಳಿದಿರಬೇಕು. ನಡುವಿನ ಮೂರು ತಂಡಗಳು ಮೂವರನ್ನು ಎತ್ತಿದರೂ ಒಬ್ಬ ನಿಮಗಿರುತ್ತಾನೆ. ಮೂರೇ ಉಳಿದಿದ್ದರೆ ಕೂತ ಜಾಗದಿಂದ ಅಲ್ಲಾಡಬೇಡಿ.

ವಾದಕ್ಕೆ ಇಳಿಯುವ ಮುಂಚೆ

ಮಾಕ್ ಡ್ರಾಫ್ಟ್ ಬೇರೆ, ರ‍್ಯಾಂಕಿಂಗ್ ಬೇರೆ. ಮೊದಲನೆಯದು 'ಯಾವ ತಂಡ ಯಾರನ್ನು ಎತ್ತಬಹುದು' ಎಂಬ ಊಹೆ, ಎರಡನೆಯದು 'ಯಾರು ಮೇಲು' ಎಂಬ ಅಭಿಪ್ರಾಯ. ಒಂದನ್ನು ತೋರಿಸಿ ಇನ್ನೊಂದನ್ನು ಸಾಧಿಸಲಾಗದು. ಈಗಾಗಲೇ ಹೆಸರಾದ ಆಟಗಾರರ ಹೆಸರಿಟ್ಟು 'ಇವನು ಮುಂದಿನ ಮಕಾರ್' ಎನ್ನುವವರಿಗೆ, ಮಕಾರ್ ಬಂದ ದಾರಿಯನ್ನೇ ನೆನಪಿಸಿ. 2017ರಲ್ಲಿ ಡಿಫೆನ್ಸ್‌ಮನ್ ಕೇಲ್ ಮಕಾರ್ ಆಡುತ್ತಿದ್ದದ್ದು ಎಜೆಎಚ್‌ಎಲ್‌ನ ಬ್ರೂಕ್ಸ್‌ನಲ್ಲಿ, 54 ಪಂದ್ಯಕ್ಕೆ 75 ಪಾಯಿಂಟ್, ಅದೂ ಅಕ್ಟೋಬರ್‌ನಲ್ಲಿ ಹುಟ್ಟಿದ 'ದೊಡ್ಡ' ಹುಡುಗ. ಮೇಲಿನ ಮೊದಲೆರಡು ಪರೀಕ್ಷೆಗಳಲ್ಲಿ ಅವನು ಕಷ್ಟಪಟ್ಟು ಪಾಸು. ಕಣ್ಣಿನ ಪರೀಕ್ಷೆಯಲ್ಲಿ ಮಾತ್ರ ನೂರಕ್ಕೆ ನೂರು. ಕೊಲೊರಾಡೊ ನಾಲ್ಕನೆಯವನಾಗಿ ಕರೆದುಕೊಂಡಿತು, ಆಮೇಲೂ ಎರಡು ವರ್ಷ ಮ್ಯಾಸಚೂಸೆಟ್ಸ್‌ನ ಕಾಲೇಜಿನಲ್ಲಿ ಆಡಲು ಬಿಟ್ಟಿತು. ಅಂಕಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಎಳೆದಾಗ ಆ ಹುಡುಗನ ಇನ್ನೆರಡು ಪಂದ್ಯ ನೋಡಿ. ಆಗಲೂ ಬಗೆಹರಿಯದಿದ್ದರೆ ಒಂದು ಮೆಟ್ಟಿಲು ಮೇಲಕ್ಕೇ ಇಡಿ, ಡ್ರಾಫ್ಟ್‌ನಲ್ಲಿ ಲಾಭ ಇರುವುದು ಎತ್ತರದ ಸಾಧ್ಯತೆಯಲ್ಲಿ. ಮೂರನೇ ಲೈನ್‌ನ ಭರವಸೆಯ ಆಟಗಾರನನ್ನು ಜುಲೈ 1ರಿಂದ ಮುಕ್ತ ಮಾರುಕಟ್ಟೆಯಲ್ಲಿ ಕೊಳ್ಳಬಹುದು.

ಪಟ್ಟಿಯನ್ನು ಡ್ರಾಫ್ಟ್‌ನ ಹಿಂದಿನ ದಿನ ತಾರೀಖು ಹಾಕಿ ಮುಗಿಸಿ, ಆಮೇಲೆ ತಿದ್ದಬೇಡಿ. ಪ್ರತಿ ಹೆಸರಿನ ಎದುರು ಒಂದು ಸಾಲು: ಹುಟ್ಟಿದ ದಿನ, ಲೀಗ್, ಐದಕ್ಕೆ ಐದರ ನೇರ ಪಾಯಿಂಟ್, ಶಾಟ್ ಶೇಕಡಾ, ನೋಡಿದ ಪಂದ್ಯಗಳ ಸಂಖ್ಯೆ, ಹೆದರಿಕೆಯ ಕಾರಣ. ಫಾರ್ವರ್ಡ್‌ಗಳನ್ನು ನಾಲ್ಕು ವರ್ಷದ ಮೇಲೆ, ಡಿಫೆನ್ಸ್‌ಮನ್‌ಗಳನ್ನು ಐದರ ಮೇಲೆ, ಗೋಲ್‌ಕೀಪರ್‌ಗಳನ್ನು ಏಳರ ಮೇಲೆ ತೆಗೆದು ನೋಡಿ. ಹಾಗೆ ನೋಡುವಾಗ ನಿಮ್ಮ ತಂಡ ಎತ್ತಿದವನ ಜೊತೆ ಮಾತ್ರ ಹೋಲಿಸದೆ, ಅವನ ನಂತರ ಹೋದ ಹತ್ತು ಜನರ ಜೊತೆಗೂ ಹೋಲಿಸಿ. ತಂಡದ ಮುಂದೆ ಆ ರಾತ್ರಿ ಇದ್ದ ನಿಜವಾದ ಆಯ್ಕೆ ಅವರೇ.